ಮೆದುಳಿನ ನಕ್ಷೆ ಕೈಗೆ ಬಂತು, ಮೆದುಳು ಎಷ್ಟು ಅರ್ಥವಾಯಿತು?

ನರಜಾಲ:

ಗೆಳೆಯರೇ, ಸ್ವಲ್ಪ ಉದ್ದದ ಬರಹ ಇದು. ಬಿಡುವಿದ್ದಾಗ ಓದಿ.

"ಮೆದುಳಿನ ರಹಸ್ಯ ಬಯಲು" ಅನ್ನೋ ತಲೆಬರಹ ಎಲ್ಲರೂ ನೋಡಿರುತ್ತೀರಿ. ಆಗಾಗ ಬರುತ್ತಲೇ ಇರುತ್ತದೆ. ಪೂರ್ತಿ ಓದಿದ ಮೇಲೂ ಯಾವ ರಹಸ್ಯ, ಹೇಗೆ ಬಯಲಾಯಿತು ಅಂತ ಗೊತ್ತಾಗುವುದಿಲ್ಲ. ಆದರೆ 2023ರಿಂದ ಈಚೆಗೆ ನಿಜಕ್ಕೂ ದೊಡ್ಡ ಕೆಲಸಗಳು ಆಗಿವೆ. ಅವುಗಳಲ್ಲಿ ಮೂರನ್ನು ಇಲ್ಲಿ ಇಡುತ್ತೇನೆ. ಮೂರೂ ನಕ್ಷೆಗಳೇ.

ಮೊದಲನೆಯದು ಹಣ್ಣುನೊಣದ ಮೆದುಳು. 2024ರ ಅಕ್ಟೋಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಾಲಾ ಮೂರ್ತಿ ಮತ್ತು ಸೆಬಾಸ್ಟಿಯನ್ ಸಂಗ್ ಮುಂದೆ ನಿಂತು ನಡೆಸಿದ ಕೆಲಸ. ಒಂದು ಬೆಳೆದ ಹೆಣ್ಣು ನೊಣದ ಮೆದುಳಿನಲ್ಲಿರುವ 1,39,255 ನರಕೋಶಗಳು, ಅವುಗಳ ನಡುವಿನ 5 ಕೋಟಿಗೂ ಹೆಚ್ಚು ಸಂಪರ್ಕಗಳು, ಎಲ್ಲವೂ ಅದರಲ್ಲಿವೆ. ಆ ಮೆದುಳಿನ ಅಗಲ ಒಂದು ಮಿಲಿಮೀಟರ್ ಕೂಡ ಇಲ್ಲ. ಅದನ್ನು ಸುಮಾರು 7,000 ತೆಳು ಪದರಗಳಾಗಿ ಕತ್ತರಿಸಿ, ಪ್ರತಿ ಪದರವನ್ನೂ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಚಿತ್ರ ತೆಗೆದರು. ಒಂದು ನರಕೋಶದ ಎಳೆ ಒಂದು ಪದರದಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ ಅಂತ ಕಂಪ್ಯೂಟರ್ ಹಿಂಬಾಲಿಸಿತು. ಕಂಪ್ಯೂಟರ್ ತಪ್ಪಿದ ಕಡೆಯಲ್ಲೆಲ್ಲ ಮನುಷ್ಯರು ಕೂತು ಸರಿ ಮಾಡಿದರು.

ಎರಡನೆಯದು ಮನುಷ್ಯನ ಮೆದುಳಿನ ಒಂದು ಚೂರು. ಮೂರ್ಛೆರೋಗದ ಶಸ್ತ್ರಚಿಕಿತ್ಸೆಯಲ್ಲಿ ಒಬ್ಬ ಮಹಿಳೆಯ ಮೆದುಳಿನ ಸಣ್ಣ ಭಾಗ ತೆಗೆಯಬೇಕಾಗಿ ಬಂದಿತ್ತು. ಅದರಲ್ಲಿ ಸುಮಾರು ಒಂದು ಘನ ಮಿಲಿಮೀಟರಿನಷ್ಟನ್ನು ಹಾರ್ವರ್ಡ್‌ನ ಜೆಫ್ ಲಿಕ್ಟ್‌ಮನ್ ತಂಡ ಮತ್ತು ಗೂಗಲ್ ಸೇರಿ ನಕ್ಷೆ ಮಾಡಿದರು. 2024ರ ಮೇ ತಿಂಗಳಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅಷ್ಟು ಚಿಕ್ಕ ಜಾಗದಲ್ಲಿ 57,000 ಜೀವಕೋಶ, 23 ಸೆಂಟಿಮೀಟರ್ ರಕ್ತನಾಳ, 15 ಕೋಟಿ ಸಂಪರ್ಕ ಇದ್ದವು. ಚಿತ್ರಗಳ ಒಟ್ಟು ಗಾತ್ರ 1,400 ಟೆರಾಬೈಟ್. ನಮ್ಮ ಇಡೀ ಮೆದುಳಿನಲ್ಲಿ ಇಂಥ ಚೂರುಗಳು 12 ಲಕ್ಷಕ್ಕಿಂತ ಜಾಸ್ತಿ ಇವೆ.

ಮೂರನೆಯದೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. 2025ರ ಏಪ್ರಿಲ್‌ನಲ್ಲಿ ಬಂದ 'ಮೈಕ್ರಾನ್ಸ್' ಯೋಜನೆ. ಇಲ್ಲೂ ಒಂದು ಘನ ಮಿಲಿಮೀಟರೇ. ಆದರೆ ಇಲಿಯ ಮೆದುಳು, ಅದರಲ್ಲೂ ನೋಟಕ್ಕೆ ಸಂಬಂಧಪಟ್ಟ ಭಾಗ. ಮೊದಲು ಇಲಿಗೆ ವಿಡಿಯೋ ತೋರಿಸಿದರು. ಅದು ನೋಡುತ್ತಿರುವಾಗ ಸುಮಾರು 75,000 ನರಕೋಶಗಳಲ್ಲಿ ಯಾವುದು ಯಾವಾಗ ಚುರುಕಾಯಿತು ಅಂತ ದಾಖಲು ಮಾಡಿಕೊಂಡರು. ಆಮೇಲೆ ಅದೇ ಜಾಗವನ್ನು ಪದರ ಪದರವಾಗಿ ಕತ್ತರಿಸಿ ನಕ್ಷೆ ಮಾಡಿದರು. ಅಂದರೆ ಒಂದು ನರಕೋಶ ಏನು ಮಾಡುತ್ತಿತ್ತು ಅನ್ನೋದೂ ಇದೆ, ಯಾರ ಜೊತೆ ಸೇರಿಕೊಂಡಿತ್ತು ಅನ್ನೋದೂ ಇದೆ. ಎರಡೂ ಒಂದೇ ಪ್ರಾಣಿಯಲ್ಲಿ, ಒಂದೇ ಕೋಶದಲ್ಲಿ.

1979ರಲ್ಲಿ ಫ್ರಾನ್ಸಿಸ್ ಕ್ರಿಕ್ ಒಂದು ಲೇಖನ ಬರೆದಿದ್ದರು. ಡಿಎನ್‌ಎ ರಚನೆ ಕಂಡುಹಿಡಿದ ಅದೇ ಕ್ರಿಕ್. ಒಂದು ಘನ ಮಿಲಿಮೀಟರ್ ಮೆದುಳಿನ ಪೂರ್ತಿ ವೈರಿಂಗ್ ನಕ್ಷೆ, ಜೊತೆಗೆ ಅದರೊಳಗಿನ ನರಕೋಶಗಳ ಚಟುವಟಿಕೆ, ಇವೆರಡನ್ನೂ ಕೇಳುವುದು ಆಗದ ಮಾತನ್ನು ಕೇಳಿದ ಹಾಗೆ ಅಂತ ಉದಾಹರಣೆ ಕೊಟ್ಟಿದ್ದರು. ಅವರು ಹೇಳಿದ ಅಳತೆಯಲ್ಲೇ ಈ ಕೆಲಸ ಆಗಿದೆ.

ಈಗ ನನ್ನ ಮಾತು. ನಕ್ಷೆ ಕೈಗೆ ಬಂದಿದ್ದು ದೊಡ್ಡದು, ಆದರೆ ನಕ್ಷೆ ಇದ್ದ ಮಾತ್ರಕ್ಕೆ ಮೆದುಳು ಅರ್ಥವಾಗುವುದಿಲ್ಲ. ನಕ್ಷೆ ನೋಡಿ "ಇಲ್ಲಿ ಹೀಗೆ ಮಾಡಿದರೆ ಅಲ್ಲಿ ಹೀಗೆ ಆಗುತ್ತದೆ" ಅಂತ ಮೊದಲೇ ಹೇಳಿ, ಮಾಡಿ ನೋಡಿದಾಗ ಅದೇ ಆದರೆ, ಅಷ್ಟರ ಮಟ್ಟಿಗೆ ಅರ್ಥವಾಯಿತು ಅನ್ನಬಹುದು. ಅಂಥ ಕೆಲಸ ಈಗ ಶುರುವಾಗಿದೆ. ನಿಮಗೇನು ಅನಿಸುತ್ತದೆ, ಬರೆಯಿರಿ.

ಲೆಕ್ಕದ ಮೇಷ್ಟ್ರು:

ಒಂದು ಸಣ್ಣ ಅನುಮಾನ. ಮನುಷ್ಯನ ಒಂದು ಘನ ಮಿಲಿಮೀಟರಿನಲ್ಲಿ 15 ಕೋಟಿ ಸಂಪರ್ಕ ಅಂದಿರಿ. ಇಲಿಯ ಅಷ್ಟೇ ಜಾಗದಲ್ಲಿ 50 ಕೋಟಿಗಿಂತ ಜಾಸ್ತಿ ಅಂತ ಬೇರೆ ಕಡೆ ಓದಿದ ನೆನಪು. ಇಲಿಯದು ಜಾಸ್ತಿ ಹೇಗೆ?

ಮೈಕ್ರೋಸ್ಕೋಪ್ ಮುಂದೆ:

ಮೇಷ್ಟ್ರೇ, ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಇಲಿಯ ಮೆದುಳಿನಲ್ಲಿ ನರಕೋಶಗಳು ಚಿಕ್ಕವು, ಒತ್ತೊತ್ತಾಗಿ ಕೂತಿರುತ್ತವೆ. ಮನುಷ್ಯನ ಮೆದುಳಿನ ಹೊರಪದರದಲ್ಲಿ ನರಕೋಶಗಳು ದೊಡ್ಡವು, ನಡುವೆ ಜಾಗವೂ ಜಾಸ್ತಿ. ಹಾರ್ವರ್ಡ್ ಚೂರಿನಲ್ಲಿ ನರಕೋಶಗಳಿಗಿಂತ ಗ್ಲಯಾ ಕೋಶಗಳೇ ಎರಡರಷ್ಟಿದ್ದವು. ಗ್ಲಯಾ ಅಂದರೆ ನರಕೋಶಗಳನ್ನು ಸಾಕುವ, ಎಳೆಗಳಿಗೆ ಹೊದಿಕೆ ಹಾಕುವ, ಕಸ ಎತ್ತುವ ಕೋಶಗಳು.

ಹಾಗಂತ ಇಡೀ ಮೆದುಳಿಗೆ ಇದೇ ಲೆಕ್ಕ ಅಲ್ಲ. ಒಂದು ನರಕೋಶಕ್ಕೆ ಹತ್ತು ಗ್ಲಯಾ ಅಂತ ಪಠ್ಯಪುಸ್ತಕಗಳಲ್ಲಿ ಬಹಳ ಕಾಲ ಇತ್ತು. 2009ರಲ್ಲಿ ಬ್ರೆಜಿಲ್‌ನ ಸುಜಾನಾ ಹರ್ಕುಲಾನೋ ಹೌಜೆಲ್ ತಂಡ ಮೆದುಳನ್ನು ಕರಗಿಸಿ, ಕೋಶಗಳ ಕೇಂದ್ರಗಳನ್ನು ಎಣಿಸಿತು. ಸುಮಾರು 8,600 ಕೋಟಿ ನರಕೋಶ, ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಉಳಿದ ಕೋಶಗಳು. ಅದರಲ್ಲೂ ಹಿಂದಲೆಯ ಕೆಳಗಿರುವ ಕಿರುಮೆದುಳಿನಲ್ಲೇ ಸುಮಾರು 6,900 ಕೋಟಿ ನರಕೋಶ. ಯೋಚನೆ, ಭಾಷೆ ಅಂತ ನಾವು ಮಾತಾಡುವ ಹೊರಪದರದಲ್ಲಿ ಇರುವುದು ಸುಮಾರು 1,600 ಕೋಟಿ ಮಾತ್ರ.

ಒಂದು ಪ್ರಶ್ನೆ:

ನರಜಾಲ ಅವರೇ, ಬರಹ ಚೆನ್ನಾಗಿದೆ. ಆದರೆ ನನಗೆ ಅಷ್ಟು ಉತ್ಸಾಹ ಬರುತ್ತಿಲ್ಲ. ಕಾರಣ ಹೇಳುತ್ತೇನೆ.

ಸಿ. ಎಲೆಗನ್ಸ್ ಅನ್ನೋ ದುಂಡುಹುಳುವಿನ ನರಮಂಡಲದ ನಕ್ಷೆ 1986ರಲ್ಲೇ ಬಂತು. ಸಿಡ್ನಿ ಬ್ರೆನರ್ ಶುರು ಮಾಡಿಸಿದ ಕೆಲಸ. ಇರೋದು ಬರೀ 302 ನರಕೋಶ. ಸುಮಾರು ನಲವತ್ತು ವರ್ಷ ಆಯಿತು. ಆ ಹುಳು ಮುಂದೆ ಯಾವ ಕಡೆ ತಿರುಗುತ್ತದೆ ಅಂತ ನಕ್ಷೆಯೊಂದನ್ನೇ ನೋಡಿ ಹೇಳೋಕೆ ಇವತ್ತಿಗೂ ಆಗಿಲ್ಲ. ಮುನ್ನೂರಕ್ಕೇ ಹೀಗಾದರೆ 8,600 ಕೋಟಿಗೆ ಏನು ಹೇಳೋದು?

ಇನ್ನೊಂದು. ಯುರೋಪಿನ ಹ್ಯೂಮನ್ ಬ್ರೈನ್ ಪ್ರಾಜೆಕ್ಟ್ 2013ರಲ್ಲಿ ಶುರುವಾದಾಗ ಮೆದುಳನ್ನೇ ಕಂಪ್ಯೂಟರಿನಲ್ಲಿ ಕಟ್ಟುವ ಮಾತಿತ್ತು. 2014ರಲ್ಲೇ ನೂರಾರು ನರವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. 2023ರಲ್ಲಿ ಯೋಜನೆ ಮುಗಿಯಿತು. ಉಪಯೋಗದ ಸಲಕರಣೆಗಳು, ಮೆದುಳಿನ ಅಟ್ಲಾಸ್ ಎಲ್ಲ ಬಂದವು, ಒಪ್ಪುತ್ತೇನೆ. ಆದರೆ ಕಂಪ್ಯೂಟರಿನಲ್ಲಿ ಮನುಷ್ಯನ ಮೆದುಳು ಮಾತ್ರ ಬರಲಿಲ್ಲ. ಹೀಗಾಗಿ ನಕ್ಷೆ ಅಂದ ಕೂಡಲೇ ನನಗೆ ಅನುಮಾನ.

ಮೈಕ್ರೋಸ್ಕೋಪ್ ಮುಂದೆ:

ಈ ಅನುಮಾನ ನಮ್ಮ ಕ್ಷೇತ್ರದ ಒಳಗೂ ಇದೆ, ಬಹಳ ಹಳೆಯದು. ಅದಕ್ಕೆ ಒಳ್ಳೆಯ ಉದಾಹರಣೆ ಏಡಿ.

ಏಡಿಯ ಹೊಟ್ಟೆಯ ಹತ್ತಿರ ಒಂದು ಸಣ್ಣ ನರಗುಚ್ಛ ಇದೆ. ಅದರಲ್ಲಿ ಸುಮಾರು 30 ನರಕೋಶ, ಅಷ್ಟೇ. ಹೊಟ್ಟೆಯೊಳಗೆ ಆಹಾರ ಅರೆಯುವ ಲಯ ಅಲ್ಲಿಂದ ಬರುತ್ತದೆ. ಈವ್ ಮಾರ್ಡರ್ ಅನ್ನೋ ವಿಜ್ಞಾನಿ ದಶಕಗಟ್ಟಲೆ ಇದೊಂದನ್ನೇ ಹಿಡಿದು ಕೂತರು. ಯಾವ ಕೋಶ ಯಾವುದಕ್ಕೆ ಸೇರಿದೆ ಅನ್ನೋದು ಚೆನ್ನಾಗಿ ಗೊತ್ತಿದೆ. ಆದರೂ ಅದೇ ಜಾಲಕ್ಕೆ ಒಂದು ರಾಸಾಯನಿಕ ಹಾಕಿದರೆ ಒಂದು ಲಯ, ಇನ್ನೊಂದು ಹಾಕಿದರೆ ಬೇರೆ ಲಯ. ವೈರಿಂಗ್ ಬದಲಾಗಿಲ್ಲ, ಕೆಲಸ ಬದಲಾಗುತ್ತದೆ. ಇದರ ಉಲ್ಟಾ ಕೂಡ ಇದೆ. ಎರಡು ಏಡಿಗಳಲ್ಲಿ ಸಂಪರ್ಕಗಳ ಬಲ ತುಂಬಾ ಬೇರೆ ಬೇರೆ ಇರುತ್ತದೆ, ಲಯ ಮಾತ್ರ ಒಂದೇ ತರಹ.

ದುಂಡುಹುಳುವಿನಲ್ಲೂ ಇದೇ ಕಥೆ ಅಂತ 2023ರಲ್ಲಿ ಗೊತ್ತಾಯಿತು. ಪ್ರಿನ್ಸ್‌ಟನ್‌ನ ಆಂಡ್ರ್ಯೂ ಲೈಫರ್ ತಂಡ ಒಂದೊಂದೇ ನರಕೋಶವನ್ನು ಬೆಳಕಿನಿಂದ ಎಬ್ಬಿಸಿ, ಉಳಿದವುಗಳಲ್ಲಿ ಯಾವುದು ಪ್ರತಿಕ್ರಿಯಿಸುತ್ತದೆ ಅಂತ ಅಳೆಯಿತು. ಹೀಗೆ 23,000ಕ್ಕೂ ಹೆಚ್ಚು ಜೋಡಿಗಳು. ನಕ್ಷೆಯ ಪ್ರಕಾರ ಸಂಕೇತ ಹೋಗಬೇಕಾದ ದಾರಿಗೂ, ನಿಜವಾಗಿ ಹೋದ ದಾರಿಗೂ ಎಷ್ಟೋ ಕಡೆ ತಾಳೆ ಆಗಲಿಲ್ಲ. ಕೆಲವು ನರಕೋಶಗಳು ಎಳೆಯ ಸಂಪರ್ಕವೇ ಇಲ್ಲದೆ ಮಾತಾಡುತ್ತವೆ. ನ್ಯೂರೋಪೆಪ್ಟೈಡ್ ಅನ್ನೋ ಅಣುಗಳನ್ನು ಸುತ್ತಲಿನ ಜಾಗಕ್ಕೆ ಬಿಡುತ್ತವೆ, ಅದನ್ನು ಹಿಡಿಯುವ ಗ್ರಾಹಕ (ರಿಸೆಪ್ಟರ್) ಇರುವ ಕೋಶ ದೂರದಲ್ಲಿದ್ದರೂ ಹಿಡಿಯುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರದಲ್ಲಿ ಆ ಸಂಭಾಷಣೆ ಯಾರ ಯಾರ ನಡುವೆ ಅಂತ ಕಾಣುವುದಿಲ್ಲ.

ಅಂದರೆ 1986ರ ನಕ್ಷೆ ವ್ಯರ್ಥವಾಗಲಿಲ್ಲ. ನಕ್ಷೆ ಇದ್ದಿದ್ದರಿಂದಲೇ ಅದರಲ್ಲಿ ಏನು ಬಿಟ್ಟುಹೋಗಿದೆ ಅಂತ ಇಷ್ಟು ಖಚಿತವಾಗಿ ಹೇಳೋಕೆ ಆಯಿತು.

ನರಜಾಲ:

ನಾನು ಹೇಳಬೇಕು ಅಂತಿದ್ದದ್ದನ್ನು ಚೆನ್ನಾಗಿ ಹೇಳಿದಿರಿ. ಈಗ ನಕ್ಷೆ ಗೆದ್ದ ಒಂದು ಪ್ರಸಂಗ. ಇಡೀ ನರವಿಜ್ಞಾನದಲ್ಲಿ ನನಗೆ ಅತಿ ಇಷ್ಟವಾದದ್ದು ಇದು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಯಾವ ದಿಕ್ಕಿಗೆ ಮುಖ ಮಾಡಿದ್ದೇವೆ ಅನ್ನೋ ಅರಿವು ಪ್ರಾಣಿಗಳಿಗೆ ಇರುತ್ತದೆ. 1984ರಲ್ಲಿ ಜೇಮ್ಸ್ ರ‍್ಯಾಂಕ್ ದಂಶಕದ, ಅಂದರೆ ಇಲಿ ಜಾತಿಯ ಪ್ರಾಣಿಯ, ಮೆದುಳಿನಲ್ಲಿ ವಿಚಿತ್ರವಾದ ನರಕೋಶಗಳನ್ನು ಕಂಡರು. ತಲೆ ಒಂದು ನಿರ್ದಿಷ್ಟ ದಿಕ್ಕಿಗೆ ತಿರುಗಿದಾಗ ಮಾತ್ರ ಅವು ಚುರುಕಾಗುತ್ತಿದ್ದವು. ಇದು ಹೇಗೆ ಸಾಧ್ಯ ಅಂತ 1990ರ ದಶಕದಲ್ಲಿ ಲೆಕ್ಕ ಹಾಕಿದವರು ಒಂದು ವಿನ್ಯಾಸ ಮುಂದಿಟ್ಟರು. ನರಕೋಶಗಳು ಉಂಗುರದ ಹಾಗೆ ಸೇರಿಕೊಂಡಿವೆ ಅಂದುಕೊಳ್ಳಿ. ಅಕ್ಕಪಕ್ಕದವು ಒಂದನ್ನೊಂದು ಎಬ್ಬಿಸುತ್ತವೆ, ದೂರದವನ್ನು ತಡೆಯುತ್ತವೆ. ಆಗ ಉಂಗುರದ ಒಂದೇ ಕಡೆ ಚಟುವಟಿಕೆಯ ಒಂದು ಉಬ್ಬು ನಿಲ್ಲುತ್ತದೆ. ಪ್ರಾಣಿ ತಿರುಗಿದಂತೆ ಉಬ್ಬೂ ಉಂಗುರದ ಸುತ್ತ ಸರಿಯುತ್ತದೆ. ಕಾಗದದ ಮೇಲೆ ಸೊಗಸಾಗಿತ್ತು. ಆದರೆ ಯಾರೂ ನಿಜವಾದ ಉಂಗುರ ಹುಡುಕಿರಲಿಲ್ಲ. ಅದು ಬರೀ ಗಣಿತದ ಉಂಗುರ, ಮೆದುಳಿನಲ್ಲಿ ಕೋಶಗಳು ಎಲ್ಲಿ ಬೇಕಾದರೂ ಚದುರಿರಬಹುದು ಅಂತಲೇ ಎಲ್ಲರ ಭಾವನೆ.

2015ರಲ್ಲಿ ಜನೇಲಿಯಾ ಸಂಶೋಧನಾ ಕೇಂದ್ರದಲ್ಲಿ ಯೊಹಾನೆಸ್ ಸೀಲಿಗ್ ಮತ್ತು ವಿವೇಕ್ ಜಯರಾಮನ್ ನೊಣದ ಮೆದುಳಿನ ನಡುಭಾಗ ನೋಡಿದರು. ನೊಣದ ತಲೆಯನ್ನು ಅಲುಗಾಡದ ಹಾಗೆ ಹಿಡಿದು, ಕಾಲ ಕೆಳಗೆ ಗಾಳಿಯಲ್ಲಿ ತೇಲುವ ಪುಟ್ಟ ಚೆಂಡು ಇಟ್ಟಿದ್ದರು. ನೊಣ ನಡೆದರೆ ಚೆಂಡು ಉರುಳುತ್ತದೆ. ಸುತ್ತ ಎಲ್‌ಇಡಿ ಪರದೆ, ಮೇಲೆ ಮೈಕ್ರೋಸ್ಕೋಪ್. ನೊಣದ ಮೆದುಳಿನ ಮಧ್ಯೆ ಬಳೆಯಾಕಾರದ ಒಂದು ಭಾಗ ಇದೆ. ಅದರಲ್ಲಿ ಒಂದು ಕಡೆ ಮಾತ್ರ ಹೊಳಪು, ಅಂದರೆ ಅಲ್ಲಿನ ಕೋಶಗಳು ಚುರುಕಾಗಿದ್ದವು. ನೊಣ ತಿರುಗಿದರೆ ಹೊಳಪೂ ಬಳೆಯ ಸುತ್ತ ಸರಿಯುತ್ತಿತ್ತು. ದೀಪ ಆರಿಸಿದರು. ಕತ್ತಲಲ್ಲೂ ನೊಣದ ನಡಿಗೆಗೆ ತಕ್ಕಂತೆ ಹೊಳಪು ಸರಿಯುತ್ತಲೇ ಇತ್ತು. ಗಣಿತದಲ್ಲಿದ್ದ ಉಂಗುರ ನೊಣದ ತಲೆಯಲ್ಲಿ ನಿಜವಾಗಿಯೂ ಉಂಗುರವಾಗಿಯೇ ಇತ್ತು!

ಮುಂದೆ ಇನ್ನೂ ಗಟ್ಟಿ ಪರೀಕ್ಷೆ ಮಾಡಿದರು. 2017ರಲ್ಲಿ ಬೆಳಕು ಹಾಯಿಸಿ ಉಂಗುರದ ಬೇರೆ ಜಾಗದಲ್ಲಿ ಹೊಸ ಉಬ್ಬು ಎಬ್ಬಿಸಿದರು. ಹಳೆಯದು ಅಳಿಸಿಹೋಯಿತು. ಒಮ್ಮೆಗೆ ಒಂದೇ ಉಬ್ಬು ನಿಲ್ಲಬೇಕು ಅಂತ ಸಿದ್ಧಾಂತ ಹೇಳಿತ್ತು, ಹಾಗೇ ಆಯಿತು. ಉಬ್ಬನ್ನು ಎಡಕ್ಕೆ, ಬಲಕ್ಕೆ ತಳ್ಳುವ ಕೋಶಗಳೂ ಸಿಕ್ಕವು. ಈಗ ಪೂರ್ತಿ ನಕ್ಷೆಯಲ್ಲಿ ಆ ಸಂಪರ್ಕಗಳನ್ನು ಒಂದೊಂದಾಗಿ ಎಣಿಸಿ ನೋಡಬಹುದು.

ಇದನ್ನು ನಾನು ಅರ್ಥವಾಗಿದೆ ಅನ್ನುತ್ತೇನೆ. ಸಿದ್ಧಾಂತ ಮೊದಲು ಹೇಳಿತು, ಚಟುವಟಿಕೆ ಕಣ್ಣಿಗೆ ಕಂಡಿತು, ಕೈ ಹಾಕಿ ಬದಲಿಸಿದಾಗ ಹೇಳಿದಂತೆಯೇ ಬದಲಾಯಿತು, ವೈರಿಂಗೂ ಹೊಂದಿತು.

ಕೋಡ್ ಬರೆಯುವವ:

ಇದಕ್ಕೆ ಒಂದು ಸೇರಿಸುತ್ತೇನೆ. 2024ರಲ್ಲಿ ಫಿಲಿಪ್ ಶಿಯು ಮತ್ತಿತರರು ನೊಣದ ಇಡೀ ನಕ್ಷೆಯನ್ನೇ ಕಂಪ್ಯೂಟರ್ ಮಾದರಿಯಾಗಿ ಮಾಡಿದರು. ಪ್ರತಿ ನರಕೋಶವೂ ತುಂಬಾ ಸರಳ. ಬಂದ ಸಂಕೇತ ಕೂಡಿಸುತ್ತದೆ, ಮಿತಿ ದಾಟಿದರೆ ತಾನೂ ಸಂಕೇತ ಕಳಿಸುತ್ತದೆ. ಅಷ್ಟೇ. ಈ ಮಾದರಿಯಲ್ಲಿ ಸಕ್ಕರೆ ರುಚಿ ಹಿಡಿಯುವ ಕೋಶಗಳನ್ನು ಎಬ್ಬಿಸಿದರು. ಸಂಕೇತ ಹರಿದು ಹರಿದು ಕೊನೆಗೆ ಸೊಂಡಿಲು ಚಾಚಿಸುವ ನರಕೋಶಕ್ಕೆ ಬಂತು. ದಾರಿಯಲ್ಲಿ ಯಾವ ಕೋಶಗಳು ಮುಖ್ಯ ಅಂತ ಮಾದರಿ ಹೇಳಿತೋ, ಅವನ್ನು ಜೀವಂತ ನೊಣಗಳಲ್ಲಿ ಪರೀಕ್ಷಿಸಿದರು. ಮಾದರಿ ಹೇಳಿದ್ದು ಬಹುಪಾಲು ನಿಜವಾಯಿತು.

ಪೆಪ್ಟೈಡ್ ಇಲ್ಲ, ಹಾರ್ಮೋನ್ ಇಲ್ಲ, ಬರೀ ವೈರಿಂಗ್. ಆದರೂ ಇಷ್ಟು ಕೆಲಸ ಮಾಡಿತು ಅನ್ನೋದೇ ನನಗೆ ಆಶ್ಚರ್ಯ.

ಒಂದು ಪ್ರಶ್ನೆ:

ಉಂಗುರದ ವಿಷಯ ನಿಜಕ್ಕೂ ಚೆನ್ನಾಗಿದೆ, ಒಪ್ಪಿದೆ. ಆದರೆ ದಿಕ್ಕು, ಸಕ್ಕರೆ ಎರಡೂ ನೇರವಾದ ಕೆಲಸಗಳು ಅಲ್ವಾ? ನಿರ್ಧಾರ ತೆಗೆದುಕೊಳ್ಳೋದು, ಅನುಮಾನ ಬಂದಾಗ ಊಹಿಸೋದು, ಇಂಥದ್ದಕ್ಕೆ ಬಂದರೆ?

ಮೈಕ್ರೋಸ್ಕೋಪ್ ಮುಂದೆ:

ಅದಕ್ಕೇ ಒಂದು ದೊಡ್ಡ ಪ್ರಯೋಗ ನಡೆದಿದೆ. 2025ರ ಸೆಪ್ಟೆಂಬರ್‌ನಲ್ಲಿ ಇಂಟರ್‌ನ್ಯಾಷನಲ್ ಬ್ರೈನ್ ಲ್ಯಾಬೊರೇಟರಿ ಪ್ರಕಟಿಸಿತು. 12 ಪ್ರಯೋಗಾಲಯಗಳು, 139 ಇಲಿಗಳು, 6 ಲಕ್ಷಕ್ಕೂ ಹೆಚ್ಚು ನರಕೋಶಗಳ ದಾಖಲೆ, ಮೆದುಳಿನ 279 ಭಾಗಗಳಿಂದ. ಎಲ್ಲ ಕಡೆಯೂ ಅದೇ ಪ್ರಯೋಗ, ಅದೇ ಸಲಕರಣೆ. ಈ ಶಿಸ್ತು ನಮ್ಮ ಕ್ಷೇತ್ರದಲ್ಲಿ ಅಪರೂಪ.

ಇಲಿಯ ಮುಂದೆ ಪರದೆ, ಮುಂಗಾಲಿನ ಕೆಳಗೆ ಪುಟ್ಟ ಚಕ್ರ. ಪರದೆಯ ಎಡಕ್ಕೋ ಬಲಕ್ಕೋ ಪಟ್ಟೆ ಪಟ್ಟೆಯ ಗುರುತು ಬರುತ್ತದೆ. ಚಕ್ರ ತಿರುಗಿಸಿ ಅದನ್ನು ನಡುವಿಗೆ ತಂದರೆ ಬಹುಮಾನ ಸಿಗುತ್ತದೆ. ಕೆಲವು ಸಲ ಗುರುತು ಕಂಡೂ ಕಾಣದಷ್ಟು ಮಸುಕು, ಕೆಲವು ಸಲ ಇರುವುದೇ ಇಲ್ಲ. ಆಗ ಇಲಿ "ಇಷ್ಟು ಹೊತ್ತು ಬಲಕ್ಕೇ ಜಾಸ್ತಿ ಬರುತ್ತಿತ್ತು" ಅನ್ನೋ ಅನುಭವದ ಮೇಲೆ ಊಹಿಸಬೇಕು. ನೀವು ಕೇಳಿದ ಪ್ರಶ್ನೆಯೇ ಇದು.

ನಿರ್ಧಾರದ ಸುಳಿವು ಯಾವುದೋ ಒಂದು "ನಿರ್ಧಾರ ಕೇಂದ್ರ"ದಲ್ಲಿ ಸಿಗಲಿಲ್ಲ. ಮೆದುಳಿನ ಉದ್ದಗಲಕ್ಕೂ ಹರಡಿತ್ತು. ಚಲನೆ, ಬಹುಮಾನದ ಸುಳಿವಂತೂ ಹೆಚ್ಚುಕಡಿಮೆ ಎಲ್ಲ ಕಡೆ. ಹಳೆಯ ಅನುಭವದಿಂದ ಬಂದ ನಿರೀಕ್ಷೆ ಕೂಡ ಮೇಲಿನ ಭಾಗಗಳಲ್ಲಿ ಮಾತ್ರ ಇರಬಹುದು ಅಂದುಕೊಂಡಿದ್ದರು. ಕಣ್ಣಿನಿಂದ ಬರುವ ಮಾಹಿತಿಯನ್ನು ಮೊದಲು ಹಿಡಿಯುವ ಭಾಗಗಳಲ್ಲೂ ಅದು ಸಿಕ್ಕಿತು. ನಾವು ಕಾಣುವುದಕ್ಕೂ ನಿರೀಕ್ಷಿಸುವುದಕ್ಕೂ ನಡುವೆ ಅಂದುಕೊಂಡಷ್ಟು ದೊಡ್ಡ ಗೋಡೆ ಇಲ್ಲ.

ಭಯಕ್ಕೆ ಈ ಜಾಗ, ಪ್ರೀತಿಗೆ ಆ ಜಾಗ ಅಂತ ಬಣ್ಣದ ಚಿತ್ರ ಹಾಕಿ ಹಂಚುವವರು ಇದನ್ನು ಓದಬೇಕು. ಭಾಗಗಳಿಗೆ ತಮ್ಮದೇ ವಿಶೇಷ ಕೆಲಸ ಇಲ್ಲ ಅಂತಲ್ಲ. ಮೆದುಳಿನ ಒಳಗಿನ ಹಿಪೋಕ್ಯಾಂಪಸ್ ಅನ್ನೋ ಭಾಗ ಹಾಳಾದರೆ ಹೊಸ ನೆನಪು ನಿಲ್ಲುವುದಿಲ್ಲ, 1953ರ ಶಸ್ತ್ರಚಿಕಿತ್ಸೆಯಲ್ಲಿ ಆ ಭಾಗದ ಬಹುಪಾಲು ಕಳೆದುಕೊಂಡ ಹೆನ್ರಿ ಮೊಲೈಸನ್ ಅವರಿಂದ ಅದು ಗೊತ್ತಾಗಿದೆ. ಆದರೆ ಒಂದು ಭಾಗ ಬೇಕೇ ಬೇಕು ಅನ್ನೋದು ಬೇರೆ, ಕೆಲಸ ಅಲ್ಲೇ ನಡೆಯುತ್ತದೆ ಅನ್ನೋದು ಬೇರೆ.

ಆರೈಕೆಯಲ್ಲಿರುವವಳು:

ನಾನು ವಿಜ್ಞಾನದವಳಲ್ಲ. ನಮ್ಮ ಮನೆಯಲ್ಲಿ ಪಾರ್ಶ್ವವಾಯು ಆಗಿ ಮಾತು ಹೋದವರು ಇದ್ದಾರೆ. ಎಲ್ಲವೂ ಅರ್ಥವಾಗುತ್ತದೆ, ಕಣ್ಣಲ್ಲೇ ಗೊತ್ತಾಗುತ್ತದೆ, ಬಾಯಿಗೆ ಬರುವುದಿಲ್ಲ. ಮೆದುಳಿನಿಂದ ನೇರ ಮಾತು ಹೊರಡಿಸುವ ಯಂತ್ರ ಬಂದಿದೆ ಅಂತ ಕೇಳಿದೆ. ಎಷ್ಟು ನಿಜ? ಯಾರಾದರೂ ಸುಮ್ನೆ ಆಸೆ ಹುಟ್ಟಿಸದೆ ಇದ್ದದ್ದು ಇದ್ದ ಹಾಗೆ ಹೇಳುತ್ತೀರಾ?

ನರಜಾಲ:

ಮೇಡಂ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನಿಜ, ಅಂಥ ಯಂತ್ರ ಇದೆ. 2023ರ ಆಗಸ್ಟ್‌ನಲ್ಲಿ ಎರಡು ತಂಡಗಳು ಒಟ್ಟಿಗೆ ಪ್ರಕಟಿಸಿದವು. ಸ್ಟ್ಯಾನ್‌ಫರ್ಡ್‌ನಲ್ಲಿ ಎಎಲ್‌ಎಸ್ ಅನ್ನೋ, ಸ್ನಾಯು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆಯಿಂದ ಮಾತು ಕಳೆದುಕೊಂಡ ಒಬ್ಬರು ನಿಮಿಷಕ್ಕೆ 62 ಪದ ತಲುಪಿದರು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಚಾಂಗ್ ತಂಡದ ಜೊತೆ ಕೆಲಸ ಮಾಡಿದ ಮಹಿಳೆಗೆ ಮೆದುಳು ಕಾಂಡದ ಪಾರ್ಶ್ವವಾಯು ಆಗಿತ್ತು. ಅವರು ನಿಮಿಷಕ್ಕೆ 78 ಪದ ತಲುಪಿದರು. ನಾವು ಮಾಮೂಲಾಗಿ ಮಾತಾಡುವ ವೇಗದ ಅರ್ಧದಷ್ಟು ಅಂದುಕೊಳ್ಳಿ. ಅವರ ಮದುವೆಯ ವಿಡಿಯೋದಲ್ಲಿದ್ದ ದನಿ ತೆಗೆದುಕೊಂಡು, ಕಂಪ್ಯೂಟರ್ ಆ ದನಿಯಲ್ಲೇ ಮಾತಾಡುವ ಹಾಗೆ ಮಾಡಿದರು. 2024ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 256 ಎಲೆಕ್ಟ್ರೋಡ್ (ಮೆದುಳಿನ ವಿದ್ಯುತ್ ಸಂಕೇತ ಹಿಡಿಯುವ ಸಣ್ಣ ತುದಿಗಳು) ಇಟ್ಟು, ಎಎಲ್‌ಎಸ್ ಇರುವ ಒಬ್ಬರಲ್ಲಿ ಸುಮಾರು ಶೇ. 97ರಷ್ಟು ಪದಗಳನ್ನು ಸರಿಯಾಗಿ ತಂದಿತು.

ಕೆಲಸ ಮಾಡುವ ಬಗೆ ಹೀಗೆ. ತುಟಿ, ನಾಲಗೆ, ದವಡೆ, ಗಂಟಲನ್ನು ಆಡಿಸುವ ಮೆದುಳಿನ ಪಟ್ಟಿಯ ಮೇಲೆ ಎಲೆಕ್ಟ್ರೋಡ್ ಕೂರಿಸುತ್ತಾರೆ. ವ್ಯಕ್ತಿ ಮಾತಾಡಲು ಪ್ರಯತ್ನಿಸುತ್ತಾರೆ. ಸ್ನಾಯು ಅಲುಗುವುದಿಲ್ಲ, ಆದರೆ ಮೆದುಳಿನ ಆದೇಶ ಹೊರಡುತ್ತದೆ. ಆ ಆದೇಶದಿಂದ ಯಂತ್ರ ಒಂದೊಂದು ಧ್ವನಿಯನ್ನು ಗುರುತಿಸಿ, ಧ್ವನಿ ಸೇರಿಸಿ ಪದ ಮಾಡುತ್ತದೆ. ಮಾತು ಹೋಗಿ ವರ್ಷಗಳಾದರೂ ಆ ಆದೇಶ ಮೆದುಳಿನಲ್ಲಿ ಉಳಿದಿರುತ್ತದೆ ಅನ್ನೋದೇ ಇಲ್ಲಿ ದೊಡ್ಡ ತಿಳುವಳಿಕೆ.

ಈಗ ಮಿತಿಗಳು. ಇದಕ್ಕೆ ತಲೆಬುರುಡೆ ತೆರೆಯುವ ಶಸ್ತ್ರಚಿಕಿತ್ಸೆ ಬೇಕು. ಇದುವರೆಗೆ ಸಂಶೋಧನೆಯ ಭಾಗವಾಗಿ ಬೆರಳೆಣಿಕೆಯ ಜನರಲ್ಲಿ ಮಾತ್ರ ಮಾಡಿದ್ದಾರೆ. ಮುಖ್ಯವಾಗಿ, ಇವರೆಲ್ಲರಲ್ಲೂ ಮಾತನ್ನು ಕಟ್ಟುವ ಭಾಗ ಚೆನ್ನಾಗಿತ್ತು, ಸ್ನಾಯುವಿಗೆ ಹೋಗುವ ದಾರಿ ಮಾತ್ರ ಕಡಿದಿತ್ತು. ಪಾರ್ಶ್ವವಾಯು ಮೆದುಳಿನ ಎಡಭಾಗದ ಭಾಷೆಯ ಜಾಲಕ್ಕೇ ಪೆಟ್ಟು ಕೊಟ್ಟಿದ್ದರೆ, ಅಂದರೆ ಪದವೇ ನೆನಪಾಗದ ಸ್ಥಿತಿ ಇದ್ದರೆ, ಈ ಯಂತ್ರಗಳು ಅದಕ್ಕೆ ಉತ್ತರವಲ್ಲ. ನಿಮ್ಮವರದು ಯಾವ ಬಗೆ ಅಂತ ವೈದ್ಯರನ್ನು ಕೇಳಿ. ವಾಕ್ ಚಿಕಿತ್ಸೆ ಮತ್ತು ಚಿತ್ರ ಅಥವಾ ಅಕ್ಷರ ತೋರಿಸಿ ಮಾತಾಡುವ ಹಲಗೆ ಇವತ್ತೇ ಕೈಗೆ ಸಿಗುವ ದಾರಿಗಳು. ದಯವಿಟ್ಟು ಅವನ್ನು ಬಿಡಬೇಡಿ.

ಆರೈಕೆಯಲ್ಲಿರುವವಳು:

ತುಂಬಾ ಉಪಕಾರವಾಯಿತು. ಎರಡು ಬಗೆ ಇದೆ ಅನ್ನೋದೇ ನನಗೆ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಮುಂದಿನ ಸಲ ಹೋದಾಗ ಇದನ್ನೇ ಕೇಳುತ್ತೇನೆ.

ಲೆಕ್ಕದ ಮೇಷ್ಟ್ರು:

ಹಾಗಾದರೆ ಮನಸ್ಸಿನಲ್ಲಿ ಅಂದುಕೊಂಡಿದ್ದನ್ನೂ ಈ ಯಂತ್ರ ಓದಿಬಿಡುತ್ತದಾ? ಹೇಳಬಾರದು ಅಂದುಕೊಂಡಿದ್ದು ಹೊರಬಂದರೆ?

ಕೋಡ್ ಬರೆಯುವವ:

ಇದನ್ನೇ 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್ ತಂಡ ಪರೀಕ್ಷಿಸಿತು. ಪ್ರಯತ್ನಿಸಿ ಮಾತಾಡುವುದಕ್ಕೂ ಮನಸ್ಸಿನಲ್ಲೇ ಹೇಳಿಕೊಳ್ಳುವುದಕ್ಕೂ ಮೆದುಳಿನ ಅದೇ ಭಾಗದಲ್ಲಿ ಹೋಲುವ ಚಟುವಟಿಕೆ ಇದೆ, ಎರಡನೆಯದು ಮೆಲ್ಲಗೆ ಇರುತ್ತದೆ. ಮನದ ಮಾತನ್ನೂ ಒಂದು ಮಟ್ಟಕ್ಕೆ ಓದಬಹುದು ಅಂತ ತೋರಿಸಿದರು. ಜೊತೆಗೆ ಬೀಗವನ್ನೂ ತೋರಿಸಿದರು. ಬಳಸುವವರು ಮೊದಲು ಮನಸ್ಸಿನಲ್ಲಿ ಒಂದು ಗುಟ್ಟಿನ ಪದಗುಚ್ಛ ಹೇಳಿಕೊಂಡರೆ ಮಾತ್ರ ಯಂತ್ರ ಕೇಳಿಸಿಕೊಳ್ಳುತ್ತದೆ.

ಪದಗಳಾಗಿ ಹೇಳಿಕೊಳ್ಳದ ಯೋಚನೆ, ನೆನಪು, ಚಿತ್ರ ಇದ್ಯಾವುದೂ ಎಲೆಕ್ಟ್ರೋಡ್ ಕೂರಿಸಿದ ಮೆದುಳಿನ ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಆದರೂ ಬೀಗದ ನಿಯಮ ಯಂತ್ರ ಎಲ್ಲರ ಕೈಗೆ ಬರುವ ಮೊದಲೇ ಆಗಬೇಕು. ಈ ವಿಷಯದಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ.

ನಿದ್ದೆಗೆಟ್ಟವ:

ವಿಷಯ ಸ್ವಲ್ಪ ಬದಲಿಸುತ್ತೇನೆ. ನಿದ್ದೆಯಲ್ಲಿ ಮೆದುಳು ತನ್ನ ಕಸ ತೊಳೆದುಕೊಳ್ಳುತ್ತದೆ ಅಂತ ಎಲ್ಲ ಕಡೆ ಓದಿದ್ದೇನೆ. ಈಚೆಗೆ ಯಾರೋ ಅದು ಸುಳ್ಳು ಅಂದರು. ಯಾವುದು ಸರಿ?

ಮೈಕ್ರೋಸ್ಕೋಪ್ ಮುಂದೆ:

ಇನ್ನೂ ಜಗಳ ನಡೆಯುತ್ತಿದೆ. 2012ರಲ್ಲಿ ಮೈಕೆನ್ ನೆಡರ್‌ಗಾರ್ಡ್ ತಂಡ ಇಲಿಗಳಲ್ಲಿ ಒಂದು ವ್ಯವಸ್ಥೆ ವಿವರಿಸಿತು. ಮೆದುಳಿನ ಸುತ್ತಲಿನ ದ್ರವ ರಕ್ತನಾಳಗಳ ಪಕ್ಕದ ದಾರಿಯಲ್ಲಿ ಒಳಗೆ ಹರಿದು, ತ್ಯಾಜ್ಯ ಹೊತ್ತು ಹೊರಬರುತ್ತದೆ. ಗ್ಲಿಂಫ್ಯಾಟಿಕ್ ವ್ಯವಸ್ಥೆ ಅಂತ ಹೆಸರಿಟ್ಟರು. 2013ರಲ್ಲಿ ನಿದ್ದೆ ಮಾಡುವ ಇಲಿಗಳಲ್ಲಿ ಕೋಶಗಳ ನಡುವಿನ ಜಾಗ ಶೇ. 60ರಷ್ಟು ಹಿಗ್ಗುತ್ತದೆ, ಕಸ ಬೇಗ ಹೋಗುತ್ತದೆ ಅಂದರು. 2024ರಲ್ಲಿ ಲಂಡನ್‌ನ ಇಂಪೀರಿಯಲ್ ಕಾಲೇಜಿನ ನಿಕ್ ಫ್ರಾಂಕ್ಸ್ ತಂಡ ಬೇರೆ ವಿಧಾನದಲ್ಲಿ ಅಳೆದು, ನಿದ್ದೆಯಲ್ಲೂ ಅರಿವಳಿಕೆಯಲ್ಲೂ ತೊಳೆಯೋದು ಕಡಿಮೆಯಾಗುತ್ತದೆ ಅಂತ ಉಲ್ಟಾ ಫಲಿತಾಂಶ ಕೊಟ್ಟಿತು. 2025ರ ಜನವರಿಯಲ್ಲಿ ನೆಡರ್‌ಗಾರ್ಡ್ ತಂಡ ಮತ್ತೆ ಬಂತು. ಗಾಢ ನಿದ್ದೆಯಲ್ಲಿ ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕ ನಿಧಾನವಾಗಿ ಏರಿಳಿಯುತ್ತದೆ, ಅದಕ್ಕೆ ತಕ್ಕಂತೆ ರಕ್ತನಾಳಗಳು ಹಿಗ್ಗಿ ಕುಗ್ಗಿ ಪಂಪಿನ ಕೆಲಸ ಮಾಡುತ್ತವೆ ಅಂತ ತೋರಿಸಿತು. ಜೋಲ್ಪಿಡೆಮ್ ಅನ್ನೋ ನಿದ್ದೆ ಮಾತ್ರೆ ಕೊಟ್ಟ ಇಲಿಗಳಲ್ಲಿ ಆ ಏರಿಳಿತ ಕುಗ್ಗಿತು.

ಎಲ್ಲವೂ ಇಲಿಗಳ ಮಾತು. ಇದನ್ನು ಓದಿ ಯಾರೂ ತಾವೇ ಮಾತ್ರೆ ನಿಲ್ಲಿಸಬೇಡಿ. ನಿದ್ದೆ ಬೇಕು ಅನ್ನೋದಕ್ಕೆ ಬೇರೆ ಸಾಕ್ಷಿಗಳು ಬೇಕಾದಷ್ಟಿವೆ.

ಓದುವ ಹುಡುಗಿ:

ದೊಡ್ಡವರಾದ ಮೇಲೆ ಹೊಸ ನರಕೋಶ ಹುಟ್ಟುತ್ತಾ ಸರ್? ನಮ್ಮ ಪುಸ್ತಕದಲ್ಲಿ ಇಲ್ಲ ಅಂತಿದೆ.

ಮೈಕ್ರೋಸ್ಕೋಪ್ ಮುಂದೆ:

1998ರಲ್ಲಿ ಹುಟ್ಟುತ್ತವೆ ಅಂದರು. 2018ರಲ್ಲಿ ಒಂದೇ ವರ್ಷ ಎರಡು ತಂಡಗಳು, ಒಂದು ಇಲ್ಲ ಅಂದಿತು, ಇನ್ನೊಂದು ಇದೆ ಅಂದಿತು. 2025ರ ಜುಲೈನಲ್ಲಿ ಸ್ವೀಡನ್ನಿನ ಯೋನಾಸ್ ಫ್ರಿಸೆನ್ ತಂಡ ವಯಸ್ಕರ ಹಿಪೋಕ್ಯಾಂಪಸ್‌ನಲ್ಲಿ ವಿಭಜನೆಯಾಗುತ್ತಿರುವ ಮೂಲ ಕೋಶಗಳನ್ನೇ ಗುರುತಿಸಿತು. ಕೆಲವರಲ್ಲಿ ಜಾಸ್ತಿ, ಕೆಲವರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಕ್ಕಡಿ ಈಗ "ಹುಟ್ಟುತ್ತವೆ" ಕಡೆಗೆ ವಾಲಿದೆ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿರೋದನ್ನೇ ಬರೆಯಮ್ಮ.

ಒಂದು ಪ್ರಶ್ನೆ:

ಪ್ರಜ್ಞೆ ಬಗ್ಗೆ ಯಾರೂ ಮಾತಾಡಲಿಲ್ಲ.

ನರಜಾಲ:

ಹೇಳೋಕೆ ಕಡಿಮೆ ಇದೆ, ಅದಕ್ಕೆ. 2025ರ ಏಪ್ರಿಲ್‌ನಲ್ಲಿ ಎರಡು ಪ್ರಮುಖ ಸಿದ್ಧಾಂತಗಳನ್ನು ಎದುರುಬದುರು ನಿಲ್ಲಿಸಿದ ಫಲಿತಾಂಶ ಬಂತು. ಎರಡೂ ಕಡೆಯವರು ತಮ್ಮ ಸಿದ್ಧಾಂತ ಏನು ಹೇಳುತ್ತದೆ ಅಂತ ಮೊದಲೇ ಬರೆದುಕೊಟ್ಟಿದ್ದರು. 256 ಜನರ ಮೇಲೆ ಪರೀಕ್ಷೆ ನಡೆಯಿತು. ಎರಡಕ್ಕೂ ಏಟು ಬಿತ್ತು, ಯಾವುದೂ ಪೂರ್ತಿ ಗೆಲ್ಲಲಿಲ್ಲ. ಮೊದಲೇ ಬರೆದುಕೊಟ್ಟು ಪರೀಕ್ಷೆಗೆ ನಿಂತರಲ್ಲ, ಆ ಪದ್ಧತಿಯೇ ನನಗೆ ಫಲಿತಾಂಶಕ್ಕಿಂತ ದೊಡ್ಡದಾಗಿ ಕಂಡಿತು.

ಒಂದು ಪ್ರಶ್ನೆ:

ಸರಿ. ಹಾಗಾದರೆ ಮುಂದೆ ಏನು ಬಂದರೆ ನೀವು "ಇಷ್ಟು ಅರ್ಥವಾಯಿತು" ಅನ್ನುತ್ತೀರಿ? ಒಂದು ಗುರುತು ಹೇಳಿ, ನಾನೂ ಅದನ್ನೇ ಕಾಯುತ್ತೇನೆ.

ನರಜಾಲ:

ಇಲಿಯ ಇಡೀ ಮೆದುಳು. ಸುಮಾರು 7 ಕೋಟಿ ನರಕೋಶ, ನೊಣಕ್ಕಿಂತ 500 ಪಟ್ಟು. ಬರೀ ನಕ್ಷೆ ಬಂದರೆ ನನಗೆ ಸಾಲದು. ಒಂದು ಇಲಿ ಕಲಿತ ಒಂದೇ ಒಂದು ವಿಷಯ, ಉದಾಹರಣೆಗೆ ಈ ಸದ್ದು ಬಂದರೆ ಆ ಮೂಲೆಗೆ ಹೋಗಬೇಕು ಅನ್ನೋದು, ಅದನ್ನು ಇಲಿಯನ್ನು ನೋಡದೆ ನಕ್ಷೆಯೊಂದರಿಂದಲೇ ಓದಿ ಹೇಳಬೇಕು. 2012ರಲ್ಲಿ ಸುಸುಮು ಟೊನೆಗಾವಾ ಪ್ರಯೋಗಾಲಯದಲ್ಲಿ ಭಯದ ನೆನಪು ಹೊತ್ತ ಕೋಶಗಳನ್ನು ಗುರುತು ಮಾಡಿ, ಬೆಳಕಿನಿಂದ ಎಬ್ಬಿಸಿ, ಇಲಿ ಬೆದರಿ ನಿಲ್ಲುವ ಹಾಗೆ ಮಾಡಿದ್ದರು. ಆದರೆ ಆ ಕೋಶಗಳಿಗೆ ಇಲಿ ಕಲಿಯುವಾಗಲೇ ಗುರುತು ಹಾಕಿದ್ದರು. ಗುರುತು ಇಲ್ಲದೆ, ಸಂಪರ್ಕಗಳನ್ನು ಮಾತ್ರ ನೋಡಿ ನೆನಪನ್ನು ಓದಿದ ದಿನ ನಾನೇ ಇಲ್ಲಿ ಹೊಸ ಚರ್ಚೆ ಶುರು ಮಾಡುತ್ತೇನೆ.

ಒಂದು ಪ್ರಶ್ನೆ:

ಇದು ನ್ಯಾಯವಾದ ಪರೀಕ್ಷೆ. ಒಪ್ಪಿದೆ.

ಓದುವ ಹುಡುಗಿ:

ಆ ನೊಣದ ನಕ್ಷೆಯನ್ನು ನಮ್ಮಂಥವರು ನೋಡಬಹುದಾ? ದುಡ್ಡು ಕೊಡಬೇಕಾ?

ಕೋಡ್ ಬರೆಯುವವ:

ಪೂರ್ತಿ ಉಚಿತ. ಫ್ಲೈವೈರ್ ಕೋಡೆಕ್ಸ್ ಅಂತ ಹುಡುಕಿ, ಬ್ರೌಸರಿನಲ್ಲೇ ತೆರೆಯುತ್ತದೆ. ದೊಡ್ಡ ಪರದೆ ಇದ್ದರೆ ಒಳ್ಳೆಯದು, ಫೋನಿನಲ್ಲಿ ಕಷ್ಟ. ಹುಡುಕುವ ಜಾಗದಲ್ಲಿ ಇಪಿಜಿ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ. ನರಜಾಲ ಅವರು ಹೇಳಿದ ದಿಕ್ಕಿನ ಕೋಶಗಳು ಪಟ್ಟಿಯಾಗಿ ಬರುತ್ತವೆ. ನಾಲ್ಕೈದು ಆರಿಸಿ ಒಟ್ಟಿಗೆ ಮೂರು ಆಯಾಮದಲ್ಲಿ ತೋರಿಸು ಅಂತ ಒತ್ತಿ, ಮೌಸಿನಿಂದ ತಿರುಗಿಸಿ ನೋಡಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತೇನೆ.